ಜಯಾಗೆ ಕಾಯ್ತಿದ್ದ ಹೆರಾಲ್ಡ್ ಕಾರು

ಲೈಟು ಆರಿಸ್ಬೇಡಿ, ಹಂಗೇ ಇರ್ಲಿ... ಇದು ಎಲ್ಲೋ ಕೇಳಿದ ಮಾತಲ್ಲ. ನನ್ನ ಸೋದರತ್ತೆ ಮಗಳು ಸುನಿತಾಗೆ ಆಗಿದ್ದು. ಅವಳ ಬಾಯಿಂದಲೇ ಕೇಳಿದ್ದು.

ಸುನಿತಾ ಇರೋದು ಕೋಣನಕುಂಟೇಲಿ, ಹಳೇ ಊರಿನ ಕಡೆ. ಜಯನಗರದಲ್ಲಿ ಒಬ್ಬ ಆಡಿಟರ್ ಹತ್ರ ಕೆಲಸ. ಮಾರ್ಚ್ ತಿಂಗಳು, ಲೆಕ್ಕ ಮುಗಿಸೋ ಗಡಿಬಿಡಿ. ಅವತ್ತು ಕೊನೇ ಮೆಟ್ರೋಲಿ ಬಂದಿಳಿದ್ಲು. ಸ್ಟೇಷನ್ನಿಂದ ಮನೆಗೆ ನಡ್ಕೊಂಡೇ ಹೋಗೋದು. ದಾರೀಲಿ ಒಂದು ಹಳೇ ಬಾವಿ ಇದೆ. ಈಗ ಅದರಲ್ಲಿ ನೀರೂ ಇಲ್ಲ, ಸೇದೋರೂ ಇಲ್ಲ. ಮೇಲೆ ಕಬ್ಬಿಣದ ಜಾಲರಿ ಬೆಸೆದು ಮುಚ್ಚಿದಾರೆ. ಗಾಳಿ ಬಂದ್ರೆ ಜಾಲರಿಗೆ ಸಿಕ್ಕೊಂಡಿರೋ ಪ್ಲಾಸ್ಟಿಕ್ ಕವರು ಪಟಪಟ ಅನ್ನುತ್ತೆ. ಅವತ್ತು ಅದೂ ಇಲ್ಲ. ಬೀದಿನಾಯಿಗಳೂ ಸುಮ್ಮನಿದ್ವು...

ಬಾವಿ ದಾಟಿದ್ಲು. ಆಗ ಕೇಳಿಸ್ತು.

ಪೀಂ... ಪೀಂ.

ಮೊದಲನೇದು ಗಟ್ಟಿಯಾಗಿ. ಎರಡನೇದು ಗಂಟಲು ಕಟ್ಟಿದ ಹಂಗೆ, ಅರ್ಧಕ್ಕೇ ನಿಂತೋಯ್ತು.

ಸುನಿತಾ ಅಲ್ಲೇ ನಿಂತ್ಲು. ಆ ಹಾರನ್ನು ಅವಳಿಗೆ ಗೊತ್ತು. ಚಿಕ್ಕೋಳಿದ್ದಾಗ ದಿನಾ ಬೆಳಿಗ್ಗೆ ಕೇಳ್ತಿದ್ಲು. ಅವರಪ್ಪ, ನಮ್ಮ ಸಿದ್ದಲಿಂಗಯ್ಯ ಮಾವ, ಕಾರು ಗೇಟಿಂದಾಚೆ ತೆಗೆದು, ದೊಡ್ಡ ಮಗಳು ಜಯಶೀಲನ್ನ ಕರೆಯೋಕೆ ಹೊಡೀತಿದ್ದ ಹಾರನ್ನು ಅದು.

ಮಾವ ತೀರ್ಕೊಂಡು ವರ್ಷ ಕಳೆದಿತ್ತು. ಕಾರಂತೂ ಮನೆ ಹಿಂದಿನ ಶೆಡ್ಡಲ್ಲಿ ಎಷ್ಟೋ ಕಾಲದಿಂದ ಹಂಗೇ ನಿಂತಿತ್ತು. ಟೈರು ನೆಲಕ್ಕೆ ಅಂಟಿದ್ವು. ಬ್ಯಾಟರಿ ತೆಗೆದು ಗುಜರಿಗೆ ಹಾಕಿ ಯಾವ ಕಾಲವಾಯ್ತೋ.

ಅವಳು ಮನೆ ಬೀಗ ತೆಗೀಲಿಲ್ಲ. ನೇರ ಹಿಂದಕ್ಕೆ ಹೋದ್ಲು. ಶೆಡ್ಡಿನ ಬೀಗ ಹಾಕಿದ್ದು ಹಾಕಿದ ಹಂಗೇ ಇತ್ತು. ತಗಡಿಗೆ ಕಿವಿ ಇಟ್ಟಳು. ಒಳಗೆ ಹ್ಯಾಂಡ್‌ಬ್ರೇಕ್ ಎಳೆದ ಸದ್ದು. ಕರ್ರ್ರ್... ಟಕ್. ಆಮೇಲೆ ವಿಭೂತಿ ವಾಸನೆ. ಸ್ನಾನ ಮಾಡಿ ಆಗತಾನೆ ಹಚ್ಚಿಕೊಂಡಂಥ ಹಸಿ ವಿಭೂತಿ.

"ಅಪ್ಪಾಜಿ...?" ಪಿಸುಗುಟ್ಟಿದ್ಲು.

ತಗಡಿಗೆ ಕಿವಿ ಇನ್ನಷ್ಟು ಒತ್ತಿದ್ಲು.

ಆಮೇಲೆ ತಗಡಿನ ಆ ಕಡೆಯಿಂದ, ಇಷ್ಟೇ ಹತ್ರದಿಂದ... "ಜಯಾ... ಬಂದ್ಯೇನವ್ವಾ? ಹೊತ್ತಾಯ್ತು."

ನೀವಾಗಿದ್ರೆ ಓಡ್ತಿದ್ರಿ. ನಾನೂ ಓಡ್ತಿದ್ದೆ. ಆದರೆ ಸುನಿತಾಗೆ ಮೊದಲು ಆಗಿದ್ದು ಹೆದರಿಕೆಯಲ್ಲವಂತೆ. ಹೊಟ್ಟೆಯೊಳಗೆ ಕೆಂಡ ಇಟ್ಟಂಗಾಯ್ತಂತೆ. ಸತ್ತ ಮೇಲೂ ಅವಳೇ ಬೇಕಾ?

ಅವಳ ಹೊಟ್ಟೆ ಉರಿಗೆ ಕಾರಣ ಇತ್ತು, ಅದನ್ನೂ ಹೇಳ್ಬೇಕು. ಅದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಎರಡೇ ಬಾಗಿಲು, ಮೋಡದ ಬಣ್ಣ. ಬಾನೆಟ್ಟು ಎತ್ತಿದ್ರೆ ಕಾರಿನ ಮೂತಿ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತೆ. ಮಾವನಿಗೆ ಜಯನಗರದಲ್ಲಿ ಸೀರೆ ಅಂಗಡಿ ಇತ್ತು. ದಿನಾ ಅಂಗಡಿಗೆ ಹೋಗ್ತಾ ಜಯಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕಾಲೇಜಿಗೆ ಬಿಡ್ತಿದ್ರು. ಸುನಿತಾ ಗೇಟ್ ಹಿಡ್ಕೊಂಡು ನಿಂತು ನೋಡ್ತಿದ್ಲು. ನಾನೂ ಬರ್ತೀನಿ ಅಂದ್ರೆ, "ನಿನ್ನ ಸ್ಕೂಲು ಇಲ್ಲೇ ಅಲ್ವೇನೆ, ನಡ್ಕೊಂಡ್ ಹೋಗು. ಕಾಲೇಜು ಸೇರ್ಕೋ, ಆಮೇಲೆ ಕರ್ಕೊಂಡ್ ಹೋಗ್ತೀನಿ" ಅಂತಿದ್ರು.

ಸುನಿತಾ ಅದೇ ಕಾಲೇಜಿಗೆ ಸೇರಿದ್ಲು. ಸೇರಿದ ವರ್ಷವೇ ಜಯಕ್ಕನ ಮದುವೆ ಆಯ್ತು. ಅಕ್ಕ ಗಂಡನ ಮನೆಗೆ ಹೊರಟ ದಿನ ಮಾವ ಕಾರನ್ನ ಶೆಡ್ಡಿಗೆ ಹಾಕಿದ್ರು, ಮೇಲೆ ಟಾರ್ಪಾಲು ಹೊದಿಸಿದ್ರು. ಅಷ್ಟೆ. ಇಂಜಿನ್ ಸರಿ ಇಲ್ಲ ಅಂದ್ರು. ತಾವು ಸ್ಕೂಟರ್ ತಗೊಂಡ್ರು. ಸುನಿತಾ ಬಸ್ಸಲ್ಲಿ ನೇತಾಡ್ಕೊಂಡು ಕಾಲೇಜು ಮುಗಿಸಿದ್ಲು. ಆ ಕಾರಲ್ಲಿ ಅವಳು ಒಂದು ಸಲಾನೂ ಮುಂದಿನ ಸೀಟಲ್ಲಿ ಕೂತಿಲ್ಲ.

ಅವಳಿಗೆ ಮದುವೆ ಕೂಡಿ ಬರಲಿಲ್ಲ. ಅತ್ತೆ ಮೊದಲೇ ಹೋಗಿದ್ರು. ಮಾವ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದ್ದು, ಮೈ ಒರೆಸಿದ್ದು, ಹಣೆಗೆ ವಿಭೂತಿ ಇಟ್ಟಿದ್ದು ಎಲ್ಲಾ ಇವಳೇ. ಜಯಕ್ಕ ಗೊಟ್ಟಿಗೆರೆಯ ಗಂಡನ ಮನೆಯಿಂದ ಹಬ್ಬಕ್ಕೆ ಮಾತ್ರ ಬರೋಳು. ಅವಳು ಬಂದ್ರೆ ಮಾವನ ಮುಖ ಅರಳೋದು. ಸುನಿತಾ ಅದನ್ನ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡೋಳು.

ಹಾರನ್ ಕೇಳಿದ ಮಾರನೇ ದಿನ ಅಕ್ಕನಿಗೆ ಫೋನ್ ಮಾಡಿದ್ಲು. ದೆವ್ವದ ವಿಷಯ ಎತ್ತಲಿಲ್ಲ.

"ಅಕ್ಕ, ಅಪ್ಪಾಜಿ ಕಾರು ಏನ್ ಮಾಡೋಣ?"

"ಯಾವ ಕಾರೇ? ಓ, ಅದಿನ್ನೂ ಇದೆಯಾ? ಮಾರಾಕು ಸುನಿ. ಅದರ ಸೀಟಿನ ವಾಸನೆಗೆ ನಂಗೆ ದಿನಾ ವಾಂತಿ ಬರೋದು. ಬಸ್ಸಲ್ಲೇ ಹೋಗ್ತೀನಿ ಅಂದ್ರೂ ಅಪ್ಪಾಜಿ ಬಿಡ್ತಿರಲಿಲ್ಲ."

ಸುನಿತಾ ಫೋನ್ ಇಟ್ಟಳು. ತಾನು ಗೇಟ್ ಹಿಡ್ಕೊಂಡು ಬಾಯಿ ಬಿಟ್ಕೊಂಡು ನಿಂತಿದ್ದು ಅವಳಿಗೆ ವಾಂತಿ ಬರಿಸೋ ಕಾರಿಗಾ?

ಸಂಜೆ ಶೆಡ್ಡಿನ ಮುಂದೆ ನಿಂತು ಹೇಳಿದ್ಲು, ಒಬ್ಬಳೇ. "ಜಯಾಗೆ ಕಾಯ್ತಾ ಕೂತಿದ್ದೀರಾ ಅಪ್ಪಾಜಿ? ಕೂತಿರಿ. ಕೂರೋಕೆ ಕಾರೇ ಇಲ್ದಂಗೆ ಮಾಡ್ತೀನಿ."

ಹಳೇ ಕಾರಿನ ಹುಚ್ಚರದ್ದೊಂದು ಆನ್‌ಲೈನ್ ಗ್ರೂಪು. ಅದರಲ್ಲಿ ಫೋಟೋ ಹಾಕಿದ್ಲು. 'ಹೆರಾಲ್ಡ್, ಒಬ್ಬರೇ ಓನರ್, ಬಹಳ ವರ್ಷದಿಂದ ಓಡಿಸಿಲ್ಲ, ರೆಸ್ಟೊರೇಷನ್ ಪ್ರಾಜೆಕ್ಟ್.' ಜೆ.ಪಿ. ನಗರದ ತಿರುಮಲೇಶ ಅನ್ನೋನು ಓಡಿ ಬಂದ. ಹಳೇ ಕಾರು ಕೊಂಡು ರಿಪೇರಿ ಮಾಡಿ ನಿಲ್ಲಿಸೋದೇ ಅವನ ಕೆಲಸ. ಟಾರ್ಪಾಲು ಎಳೆದ, ಬಾನೆಟ್ ಮಗುಚಿದ, ಇಲಿಗೂಡು ತೆಗೆದು ಬಿಸಾಕಿದ. ಮಲಗಿ ಕೆಳಗೆಲ್ಲ ಬಡಿದು ನೋಡಿದ. ಢಣ್ ಢಣ್.

"ಫ್ಲೋರ್ ತುಕ್ಕು ತಿಂದಿದೆ ಮೇಡಂ. ಚಾಸಿ, ಅಂದ್ರೆ ಕೆಳಗಿನ ಚೌಕಟ್ಟು, ಮಾತ್ರ ಸಖತ್ತಾಗಿದೆ. ನಾನೇ ತಗೋತೀನಿ."

ಬಲಗಡೆ ಬಾಗಿಲು ತೆಗೀತು. ಎಡಗಡೇದು ಜಪ್ಪಯ್ಯ ಅನ್ನಲಿಲ್ಲ. ಎಳೆದ, ಗುದ್ದಿದ, ಎಣ್ಣೆ ಬಿಟ್ಟ. ಊಹೂಂ.

"ಇರ್ಲಿ ಬಿಡಿ, ಗ್ಯಾರೇಜಲ್ಲಿ ಬಿಚ್ಚಿಸ್ತೀನಿ. ಭಾನುವಾರ ಲಾರಿ ತರ್ತೀನಿ" ಅಂದ.

ಶನಿವಾರ ರಾತ್ರಿ ಸುನಿತಾಗೆ ನಿದ್ದೆ ಬರಲಿಲ್ಲ. ಕಣ್ಣು ಬಿಟ್ಕೊಂಡೇ ಮಲಗಿದ್ಲು. ಬರುತ್ತೆ ಅಂತ ಗೊತ್ತಿತ್ತು. ಬಂತು...

ಪೀಂ... ಪೀಂ.

ನೈಟಿ ಮೇಲೊಂದು ಶಾಲು ಹೊದ್ದು, ಬೀಗದಕೈ ಹಿಡ್ಕೊಂಡು ಬರಿಗಾಲಲ್ಲಿ ಹೋದ್ಲು. ಶೆಡ್ ತೆಗೆದ್ಲು. ಒಳಗೆ ಕತ್ತಲೆ. ಸ್ಟೀರಿಂಗ್ ಮುಂದೆ ಆ ಕತ್ತಲೆ ಇನ್ನೊಂದಿಷ್ಟು ದಪ್ಪಗಿತ್ತು. ಅವಳು ಆ ಕಡೆ ನೋಡಲಿಲ್ಲ.

"ಜಯಾ... ಬಂದ್ಯೇನವ್ವಾ?"

ಏನಾಯ್ತೋ ಅವಳಿಗೆ. ಅಕ್ಕನ ಹಂಗೇ ರಾಗ ಎಳೆದು ಅಂದ್ಲು. "ಹೂಂ ಅಪ್ಪಾಜಿ... ಬಂದೆ."

ಟಕ್.

ಯಾರೂ ಮುಟ್ಟಲಿಲ್ಲ. ಎಡಗಡೆ ಬಾಗಿಲು ತಾನಾಗೇ ತೆಗೆದುಕೊಳ್ತು. ಸುನಿತಾ ಕೂತಳು. ಸೀಟು ತಣ್ಣಗಿತ್ತು. ಬಾಗಿಲು ಹಾಕ್ಕೊಂಡಳು. ಸ್ಟಾರ್ಟರ್ ಕೆಮ್ಮಿತು... ಖೆಖ್ ಖೆಖ್ ಖೆಖ್... ಆಮೇಲೆ ಇಂಜಿನ್ ಹತ್ಕೊಳ್ತು, ಹೊಲಿಗೆ ಮಿಷನ್ ಹಂಗೆ ಸಣ್ಣಗೆ. ಕೆನ್ನೆಗೆ ಗಾಳಿ ಹೊಡೀತು. ಕಾಲ ಕೆಳಗೆ ರಸ್ತೆ ಓಡ್ತಿದೆ ಅಂತ ಅಂಗಾಲಿಗೆ ಗೊತ್ತಾಗ್ತಿತ್ತಂತೆ. ಅವಳು ಕಣ್ಣು ಮುಚ್ಕೊಂಡಿದ್ಲು. ಅವಳಿಗೆ ಖುಷಿಯಾಯ್ತು. ಇದನ್ನ ಹೇಳೋವಾಗ ನನ್ನ ಮುಖ ನೋಡಲಿಲ್ಲ ಅವಳು. "ಕೊನೆಗೂ ನಾನೇ ಕೂತೆ ಅಂತ ಖುಷಿಯಾಯ್ತು ಕಣೋ" ಅಂದ್ಲು.

ಸ್ವಲ್ಪ ದೂರ ಹೋದ ಮೇಲೆ ಪಕ್ಕದಿಂದ ಮಾತು ಬಂತು. ಮೆಲ್ಲಗೆ, ಗುಟ್ಟು ಹೇಳೋರ ಹಂಗೆ.

"ಸಂಜೆ ಖಾರಾ ಬನ್ ಕೊಡಿಸ್ತೀನಿ. ಸುನೀಗೆ ಹೇಳ್ಬೇಡ."

"ಯಾಕೆ ಅಪ್ಪಾಜಿ?"

"ಅವಳಿಗೆ ಹೊಟ್ಟೆಕಿಚ್ಚು ಜಾಸ್ತಿ." ಅಂದು ಸಣ್ಣಗೆ ನಕ್ಕರು.

ಗೊತ್ತಿತ್ತು! ಮಾವನಿಗೆ ಎಲ್ಲಾ ಗೊತ್ತಿತ್ತು. ಗೇಟಿನ ಹತ್ರ ನಿಂತಿದ್ದು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದು, ಎಲ್ಲಾನೂ. ಗೊತ್ತಿದ್ದೂ ಕೂರಿಸ್ಕೊಳ್ಳಲಿಲ್ಲ. ಸುನಿತಾಗೆ ತಡೆಯೋಕಾಗಲಿಲ್ಲ.

"ನಾನು ಜಯಾ ಅಲ್ಲ ಅಪ್ಪಾಜಿ! ಸುನಿ! ನಿಮಗೆ ಗಂಜಿ ಕುಡಿಸಿದ ಸುನಿ!"

ಬ್ರೇಕು ಕಿರ್ರ್ ಅಂತು. ಇಂಜಿನ್ ಆರಿತು. ಗಾಳಿಯೂ ನಿಂತೋಯ್ತು. ಬಿಸಿ ಲೋಹ ತಣ್ಣಗಾಗ್ತಾ ಸದ್ದು ಮಾಡುತ್ತಲ್ಲ... ಟಿಕ್... ಟಿಕ್... ಅದೊಂದೇ.

ಆಮೇಲೆ ಒಂದೇ ಮಾತು.

"ಇಳಿ."

ಇಳಿದ್ಲು. ಕಾಲಿಗೆ ಜಲ್ಲಿ ಚುಚ್ಚಿತು. ಕಣ್ಣು ಬಿಟ್ಟಳು. ಶೆಡ್ ಅಲ್ಲ ಅದು. ಮೇಲೆ ಬೀದಿದೀಪ. ಎದುರಿಗೆ ದೊಡ್ಡ ಕಬ್ಬಿಣದ ಗೇಟು, ಪಕ್ಕದಲ್ಲಿ ಹೊಂಗೆ ಮರ. ಜಯನಗರದ ಅವರ ಹಳೇ ಕಾಲೇಜು. ತಿರುಗಿ ನೋಡಿದ್ರೆ ರಸ್ತೆ ಖಾಲಿ.

ಕೋಣನಕುಂಟೆ ಎಲ್ಲಿ, ಜಯನಗರ ಎಲ್ಲಿ, ನೀವೇ ಹೇಳಿ. ಬರಿಗಾಲು, ನೈಟಿ, ಕೈಯಲ್ಲಿ ಶೆಡ್ಡಿನ ಬೀಗದಕೈ. ಬೆಳಗಿನ ಜಾವ ಒಂದು ಆಟೋ ಬಂತು. ಡ್ರೈವರ್ ನಿಧಾನ ಮಾಡಿದ.

"ಯಾಕಕ್ಕ, ಈ ಹೊತ್ತಲ್ಲಿ ಇಲ್ಲಿ ನಿಂತಿದ್ದೀರಾ?"

"ನಮ್ಮಪ್ಪ ಡ್ರಾಪ್ ಮಾಡಿದ್ರು" ಅಂದ್ಲು ಸುನಿತಾ.

ಅವನು ಆ ಕಡೆ ಈ ಕಡೆ ರಸ್ತೆ ನೋಡಿದ. ಹತ್ತಿಸ್ಕೊಂಡ. ಮನೆವರೆಗೂ ಹಿಂದಕ್ಕೆ ತಿರುಗಲೂ ಇಲ್ಲ.

ಮನೆಗೆ ಬಂದು ನೋಡಿದ್ರೆ ಶೆಡ್ಡಿಗೆ ಬೀಗ ಬಿದ್ದಿತ್ತು. ತೆಗೆದ್ಲು. ಕಾರು ಇದ್ದಲ್ಲೇ ಇತ್ತು. ಟೈರು ನೆಲಕ್ಕೆ ಅಂಟಿದಂಗೇ ಇದ್ವು. ತಿರುಮಲೇಶ ಬಾನೆಟ್ ಮೇಲೆ ಕೈ ಇಟ್ಟಿದ್ದ ಗುರುತು ಧೂಳಲ್ಲಿ ಹಂಗೇ ಇತ್ತು. ಎಡಗಡೆ ಬಾಗಿಲು ಮಾತ್ರ ತೆಗೆದಿತ್ತು.

ಇಳಿ ಅಂದಿದ್ದು, ನೀನಲ್ಲ ನಂಗೆ ಬೇಕಾದೋಳು ಅಂತಲಾ? ಇಲ್ಲಾ ಕಾಲೇಜು ಬಂತು, ಇಳಿ ಅಂತಲಾ? ಸುನಿತಾಗೆ ಇವತ್ತಿಗೂ ಗೊತ್ತಿಲ್ಲ. ಅದನ್ನೇ ಯೋಚಿಸ್ತಾ ಶೆಡ್ಡಿನ ಹೊಸ್ತಿಲ ಮೇಲೆ ಕೂತಿದ್ಲು, ಲಾರಿ ಬರೋವರೆಗೂ.

ತಿರುಮಲೇಶ ಬಂದ. ಜಯಕ್ಕನೂ ಬಂದಿದ್ಲು, ಕೊನೇ ಸಲ ನೋಡ್ತೀನಿ ಅಂತ. ಆಳುಗಳು ಸರಪಳಿ ಹಾಕಿ ಕಾರನ್ನ ಲಾರಿ ಮೇಲಕ್ಕೆ ಎಳೆದ್ರು. ಗಡಗಡ ಗಡಗಡ... ಲಾರಿ ತಿರುವು ದಾಟಿ ಹೋಯ್ತು. ಬೇಡ ಅನ್ನೋ ಮಾತು ಸುನಿತಾ ಬಾಯಿಗೆ ಬಂದಿತ್ತಂತೆ. ಅಕ್ಕ ಪಕ್ಕದಲ್ಲಿದ್ದಳು ಅಂತ ನುಂಗಿಕೊಂಡಳು.

ಒಳಗೆ ಬಂದು ಕಾಫಿ ಕೊಡ್ತಾ, ಅಪ್ಪಾಜಿ ಆಡಿದ ಮಾತೊಂದು ಬಿಟ್ಟು, ಎಲ್ಲಾ ಹೇಳಿದ್ಲು. ಹಾರನ್ನು, ಬಾಗಿಲು, ಕಾಲೇಜು ಗೇಟು. ಜಯಕ್ಕ ಮೊದಲು ನಕ್ಕಳು. ಆಮೇಲೆ ತಂಗಿಯ ಪಾದ ನೋಡಿದ್ಲು. ಅಂಗಾಲು ಗೀರಿ ಕೆಂಪಗಾಗಿತ್ತು. ನಗು ನಿಂತೋಯ್ತು.

"ನನ್ನ ಕನಸಲ್ಲೂ ಬಂದಿಲ್ಲ ಕಣೇ ಅಪ್ಪಾಜಿ. ಒಂದ್ಸಲಾನೂ." ಲೋಟ ಕೆಳಗಿಟ್ಟಳು. "ನನ್ನ ಹೆಸರು... ಹೇಳಿದ್ರಾ?"

ಸುನಿತಾ ಅಕ್ಕನ ಕಣ್ಣು ನೋಡಿದ್ಲು. ಇಷ್ಟು ವರ್ಷ ಕನ್ನಡೀಲಿ ಕಂಡಿದ್ದ ಉರಿ ಅದು. ಚೆನ್ನಾಗಿ ಗುರುತು ಸಿಕ್ತು.

"ಇಲ್ಲ ಅಕ್ಕ. ಸುನೀ, ಬಾರವ್ವಾ ಅಂತ ಕರೆದ್ರು."

ಜಯಕ್ಕ ಸೆರಗಲ್ಲಿ ಮುಖ ಒರೆಸ್ಕೊಂಡು ಎದ್ದಳು. ಕಾಫಿ ಅರ್ಧ ಹಂಗೇ ಉಳೀತು. ಆಮೇಲೆ ಬಹಳ ದಿನ ಫೋನ್ ಮಾಡಲಿಲ್ಲ. ಸುನಿತಾ ಅವತ್ತು ರಾತ್ರಿ ಹಾಯಾಗಿ ನಿದ್ದೆ ಮಾಡಿದ್ಲಂತೆ. ಅಕ್ಕನಿಗೆ ನಿಜ ಹೇಳ್ಬೇಡ ಅಂತ ನನ್ನ ಕೈ ಹಿಡಿದು ಕೇಳಿದ್ಲು. ನೀವೂ ಹೇಳ್ಬೇಡಿ.

ಕನಸು ಬಿದ್ದಿರುತ್ತೆ, ನಿದ್ದೆಗಣ್ಣಲ್ಲಿ ನಡ್ಕೊಂಡ್ ಹೋಗಿರ್ತಾಳೆ ಅಂತೀರಿ. ನಾನೂ ಅವಳ ಮುಖಕ್ಕೇ ಹಂಗಂದೆ. ಅವಳು ವಾದ ಮಾಡಲಿಲ್ಲ. ತಿರುಮಲೇಶನ ನಂಬರ್ ಕೊಟ್ಟಳು, ಅಷ್ಟೆ. ನಾನೇ ಜೆ.ಪಿ. ನಗರದ ಅವನ ಗ್ಯಾರೇಜಿಗೆ ಹೋದೆ. ಕಾರು ಬಿಡಿ ಬಿಡಿಯಾಗಿ ಹರಡಿತ್ತು.

"ಇಂಜಿನ್ ಪೂರ್ತಿ ಜಾಮ್ ಸಾರ್" ಅಂದ. "ಪಿಸ್ಟನ್ನು ತುಕ್ಕು ಹಿಡಿದು ಅಂಟ್ಕೊಂಡಿದೆ, ಸುತ್ತಿಗೇಲಿ ಹೊಡೆದ್ರೂ ಅಲ್ಲಾಡ್ತಿಲ್ಲ. ಆದರೆ ಡಿಕ್ಕಿಲಿರೋ ಟ್ಯಾಂಕಲ್ಲಿ ಪೆಟ್ರೋಲ್ ಇತ್ತು. ಹಳೇದಾದ್ರೆ ಕೆಟ್ಟು ಗಬ್ಬು ನಾರುತ್ತೆ, ಇದು ಫ್ರೆಶ್. ಮೇಡಂ ಯಾವಾಗ ಹಾಕ್ಸಿದ್ರೋ ಏನೋ. ಚೆಲ್ಲೋದ್ಯಾಕೆ ಅಂತ ನನ್ನ ಸ್ಕೂಟರ್‌ಗೆ ಹಾಕ್ಕೊಂಡೆ."

ಸ್ಕೂಟರ್ ಅಲ್ಲೇ ನಿಂತಿತ್ತು. ನಂಬಿಕೆ ಬರಲಿ ಅಂತ ನನ್ನೆದುರೇ ಒಂದು ಕಿಕ್ ಹೊಡೆದ. ಆ ಪೆಟ್ರೋಲಲ್ಲೇ ಸ್ಟಾರ್ಟ್ ಆಯ್ತು.