ಹೇಗೆಲೆಯವರ ಮನೆ ತೆರವಾದ ದಿನ

ಬಳಗದ ಹಿರಿಯರೂ ಈ ಸಂಜೆಯ ಅಧ್ಯಕ್ಷರೂ ಆದ ಗುರುಬಸಪ್ಪನವರೇ, ಎಷ್‌ಬಾರ್ನ್‌ನಿಂದ ರೈಲು ಬದಲಿಸಿ ಬದಲಿಸಿ ಬಂದಿರುವ ಮುಖ್ಯ ಅತಿಥಿ ಸುಶೀಲಮ್ಮನವರೇ, ಒಂದು ಮಾತೂ ಅರ್ಥವಾಗದಿದ್ದರೂ ಮೊದಲ ಸಾಲಿನಲ್ಲಿ ನೆಟ್ಟಗೆ ಕೂತಿರುವ ನಮ್ಮ ಜರ್ಮನ್ ನೆರೆಯವರಾದ ಫ್ರೌ ಹೇಗೆಲೆಯವರೇ, ಅಡುಗೆ ಬಿಸಿ ಮಾಡುತ್ತಲೇ ಬಾಗಿಲಲ್ಲಿ ಇಣುಕುತ್ತಿರುವ ತಾಯಂದಿರೇ, ಪ್ರೀತಿಯ ಸಭಿಕರೇ,

ಇಂದು ನನ್ನ ಅತ್ತೆ ಅನ್ನಪೂರ್ಣವ್ವನವರಿಗೆ ಬೀಳ್ಕೊಡುಗೆ. ಸೋಮವಾರ ಅವರು ಬಾಗಲಕೋಟೆಗೆ ಹೊರಡುತ್ತಾರೆ. ಅತ್ತೆಯ ಬಗ್ಗೆ ಸೊಸೆಯೇ ನಾಲ್ಕು ಮಾತಾಡಲಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಅಧ್ಯಕ್ಷರ ಧೈರ್ಯ ದೊಡ್ಡದು.

ನಾನು ಮೈಸೂರಿನವಳು. ನನ್ನ ಯಜಮಾನರು ಸುನಿಲಕುಮಾರ ಬಾಗಲಕೋಟೆಯವರು. ನಮ್ಮ ಮನೆಯಲ್ಲಿ ಎರಡು ಕನ್ನಡ, ಜಗಳಕ್ಕೆ ಮಾತ್ರ ಇಂಗ್ಲಿಷ್. ಎರಡು ವರ್ಷದ ಹಿಂದೆ ನಾನು ಜರ್ಮನಿಯವರ ಹೊಸ ಗ್ರೀನ್ ಕಾರ್ಡ್ ವೀಸಾ ಮೇಲೆ ಸಾಫ್ಟ್‌ವೇರ್ ಕೆಲಸಕ್ಕೆ ಸ್ಟುಟ್‌ಗಾರ್ಟ್‌ಗೆ ಬಂದೆ. ಹಿಂದೆಯೇ ಬಂದ ಅವರಿಗೆ ಪಕ್ಕದ ಶ್ವೀಬರ್ಡಿಂಗೆನ್‌ನಲ್ಲಿ ಕೆಲಸವಾಯಿತು. ಆಗ ಮನೆ ಹುಡುಕಿದವರಿಗೆ ಗೊತ್ತು: ಫೋನಿನಲ್ಲಿ ನಮ್ಮ ಹೆಸರು ಹೇಳಿದ ಕೂಡಲೇ ಖಾಲಿಯಿದ್ದ ಮನೆ ತುಂಬಿಹೋಗುತ್ತಿತ್ತು. ಅಂಥ ಕಾಲದಲ್ಲಿ ಈ ಬಡಾವಣೆ ಎದ್ದಿತು. ಗೂಡ್ಸ್ ರೈಲಿನ ಯಾರ್ಡ್ ಇದ್ದ ಬಯಲು, ಅದರ ನಡುವೆ ಹೊಸದಾಗಿ ಎಳೆದ ಟ್ರಾಮ್ ಹಳಿ, ಹಳಿಯ ಎರಡೂ ಕಡೆ ಬಿಳಿ ಅಪಾರ್ಟ್‌ಮೆಂಟುಗಳು. ಬಾಗಿಲಲ್ಲಿ ಟ್ರಾಮ್ ಹತ್ತಿದರೆ ಊರ ನಡುವೆ ಇಳಿಯಬಹುದು. ಇಲ್ಲಿ ಹೆಸರು ಕೇಳಿ ಯಾರೂ ಫೋನ್ ಇಡಲಿಲ್ಲ. ಹೊಸ ಮನೆಗೆ ಹಳೆಯ ನೆರೆಹೊರೆ ಇರುವುದಿಲ್ಲವಲ್ಲ!

ಒಬ್ಬರನ್ನು ಬಿಟ್ಟು. ಟ್ರಾಮ್ ಕೊನೆಯಾಗಿ ತಿರುಗುವ ಜಾಗದಲ್ಲಿ ಒಂದು ಹಳೆಯ ಮನೆ ಇತ್ತು. ಅದು ಫ್ರೌ ಹೇಗೆಲೆಯವರದು. ಅವರ ತಂದೆ ಆ ಯಾರ್ಡಿನಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದರು. ಇವರು ಹುಟ್ಟಿದ್ದು ಅದೇ ಮನೆಯಲ್ಲಿ, ಯುದ್ಧದ ಕಾಲದಲ್ಲಿ ಅವಿತು ಕೂತದ್ದು ಅದೇ ನೆಲಮಾಳಿಗೆಯಲ್ಲಿ. ಎರಡನೇ ಹಂತದ ಕಟ್ಟಡಕ್ಕೆ ಆ ಜಾಗ ಬೇಕೆಂದು ಕಟ್ಟಡದ ಕಂಪನಿಯವರು ಕೇಳಿದರು, ಮತ್ತೆ ಕೇಳಿದರು, ವಕೀಲರನ್ನು ಕಳಿಸಿದರು. ಇವರು ಕೊಡಲಿಲ್ಲ. ನಾನು ದಿನಾ ಅವರ ಮನೆ ಮುಂದೆ ಟ್ರಾಮ್ ಹತ್ತುತ್ತಿದ್ದೆ. ನಮಸ್ಕಾರ ಎಂದರೆ ಮುಖ ತಿರುಗಿಸುತ್ತಿದ್ದರು. ತಪ್ಪೇನು? ಅವರ ಕಣ್ಣಿಗೆ ನಾವೂ ಆ ಕಂಪನಿಯೂ ಒಂದೇ.

ನಮ್ಮ ಪವಿ ಹುಟ್ಟಿದ ಮೇಲೆ ಅತ್ತೆ ಬಂದರು. ನಾನು ಕೆಲಸಕ್ಕೆ ಮರಳಲೇಬೇಕಿತ್ತು. ಕೆಲಸ ಹೋದರೆ ವೀಸಾ ಹೋಗುತ್ತದೆ, ನಮ್ಮ ಆಫೀಸಿನಲ್ಲಿ ವಾರಕ್ಕೊಬ್ಬರು ಮೇಜು ಖಾಲಿ ಮಾಡುತ್ತಿದ್ದರು. ಬೆಳಿಗ್ಗೆ ಹಾಲಿನ ಬಾಟಲಿ ತೋರಿಸಿ ಹೊರಟರೆ ಸಂಜೆವರೆಗೆ ಅತ್ತೆ ಮಗುವಿನೊಂದಿಗೆ ಸೋಫಾದ ಮೇಲೆ ಕೂತಿರುತ್ತಾರೆ ಎಂದುಕೊಂಡಿದ್ದೆ. ಕೇಳಿರಲಿಲ್ಲ. ನಮ್ಮಿಬ್ಬರ ನಡುವೆ ಮಾತು ಹೆಚ್ಚಿರಲಿಲ್ಲ, ಇಬ್ಬರೂ ಗಂಭೀರ ಸ್ವಭಾವದವರು. ಅದು ಬಿಡಿ.

ಸೆಪ್ಟೆಂಬರಿನ ಒಂದು ಮಂಗಳವಾರ. ನಾನು ಮೀಟಿಂಗಿನಲ್ಲಿದ್ದೆ, ಯಾರನ್ನು ಉಳಿಸಿಕೊಳ್ಳುತ್ತಾರೆ ಎಂದು ತಿಳಿಯುವ ಮೀಟಿಂಗು. ಪಕ್ಕದವಳು ಮೆಲ್ಲಗೆ ಕೇಳಿದಳು, "ನೀನಿರೋದು ಆ ಹೊಸ ಟ್ರಾಮ್ ಲೈನಿನ ಹತ್ತಿರ ಅಲ್ವಾ? ಅಲ್ಲಿ ಬಾಂಬ್ ಸಿಕ್ಕಿದೆಯಂತೆ."

ಹಳೆಯ ಮನೆಯ ಪಕ್ಕದಲ್ಲಿ ಪಾಯ ಅಗೆಯುವಾಗ ಯಂತ್ರದ ಹಲ್ಲಿಗೆ ಯುದ್ಧಕಾಲದ ಬಾಂಬ್ ತಗುಲಿತ್ತು. ಈ ದೇಶದಲ್ಲಿ ಇದು ಹೊಸತಲ್ಲ. ಸುತ್ತಲಿನ ಜನರನ್ನು ಕಳಿಸಿ, ಬಾಂಬನ್ನು ನಿಷ್ಕ್ರಿಯ ಮಾಡಿ, ಸಂಜೆಗೆ ಎಲ್ಲರನ್ನೂ ಮನೆಗೆ ಬಿಡುತ್ತಾರೆ. ಆದರೆ ಇದು ಬೇರೆ ಜಾತಿಯದು. ಇದರೊಳಗೆ ಆಸಿಡ್ ಇತ್ತು. ಅದು ಸಿಡಿತವನ್ನು ತಡೆದಿಟ್ಟ ಬಿಲ್ಲೆಯನ್ನು ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಮುಟ್ಟಿದರೆ ಸಿಡಿಯಬಹುದು, ಮುಟ್ಟದಿದ್ದರೂ ಸಿಡಿಯಬಹುದು.

ಮನೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಸುನಿಲ್ ಟೆಸ್ಟಿಂಗ್ ಲ್ಯಾಬಿನೊಳಗಿದ್ದರು, ಅಲ್ಲಿಗೆ ಫೋನ್ ಒಯ್ಯುವಂತಿಲ್ಲ. ಚೀಲ ಎತ್ತಿಕೊಂಡು ಓಡಿದೆ. ಟ್ರಾಮ್ ನಮ್ಮ ಸ್ಟಾಪಿಗಿಂತ ಎಷ್ಟೋ ಹಿಂದೆಯೇ ನಿಂತುಬಿಟ್ಟಿತು, ಎಲ್ಲರೂ ಇಳಿಯಿರಿ ಎಂದರು. ಹಳಿಯ ಪಕ್ಕದಲ್ಲೇ ಓಡಿದೆ. ಎದುರಿನಿಂದ ನಮ್ಮ ಬಡಾವಣೆಯ ಜನ ಬರುತ್ತಿದ್ದರು, ಕೈಯಲ್ಲಿ ಬೆಕ್ಕಿನ ಬುಟ್ಟಿ, ಔಷಧಿ ಚೀಲ. ಒಬ್ಬೊಬ್ಬರ ಮುಖವನ್ನೂ ನೋಡಿದೆ. ಸೀರೆ ಉಟ್ಟವರು ಯಾರೂ ಇರಲಿಲ್ಲ. ಹೆತ್ತವರಿಗೆ ಆ ಓಟ ಎಂಥದೆಂದು ನಾನು ಹೇಳಬೇಕೇ?

ಪೊಲೀಸರು ಹಗ್ಗ ಕಟ್ಟಿದ್ದರು. "ನನ್ನ ಮಗು ಒಳಗಿದೆ" ಎಂದು ಕೂಗಿದೆ. ಒಬ್ಬ ಪೊಲೀಸಮ್ಮ ವೈರ್‌ಲೆಸ್‌ನಲ್ಲಿ ಏನೋ ಕೇಳಿ ನನ್ನ ಕಡೆ ತಿರುಗಿದಳು. "ಹಳೆ ಮನೆಯಲ್ಲಿ ಒಬ್ಬ ಭಾರತೀಯ ಹೆಂಗಸು ಕೂತಿದ್ದಾರೆ, ಮಗು ಎತ್ತಿಕೊಂಡು. ನಮ್ಮ ಕೈಗೆ ಮಗು ಕೊಡುತ್ತಿಲ್ಲ. ಅವರ ಭಾಷೆ ಬರುತ್ತಾ ನಿಮಗೆ?"

ಬರುತ್ತಾ? ಆ ಪ್ರಶ್ನೆಗೆ ಇವತ್ತೂ ಧೈರ್ಯವಾಗಿ ಹೌದು ಎನ್ನಲಾರೆ.

ಪೊಲೀಸಮ್ಮ ನನ್ನನ್ನು ಹಗ್ಗ ದಾಟಿಸಿ ಕರೆದೊಯ್ದಳು. ಅತ್ತೆ ಹೇಗೆಲೆಯವರ ಅಡುಗೆಮನೆಯಲ್ಲಿ, ಅವರ ಕುರ್ಚಿಗೆ ಕುರ್ಚಿ ತಾಗಿಸಿ ಕೂತಿದ್ದರು. ಮೇಜಿನ ಮೇಲೆ ಅರ್ಧ ಬಿಡಿಸಿದ ಅವರೆಕಾಯಿಯಂಥ ಕಾಯಿ. ನೋಡಿದ ಕೂಡಲೇ ತಿಳಿಯಿತು, ಇದು ಮೊದಲ ದಿನದ ಕೂಟವಲ್ಲ. ನನಗೆ ಒಂದು ದಿನವೂ ಮುಖ ಕೊಡದವರ ಅಡುಗೆಮನೆಯಲ್ಲಿ ನನ್ನ ಮಗುವಿಗೊಂದು ಜೋಲಿ ಕೂಡ ಕಟ್ಟಿತ್ತು!

"ಅತ್ತೆ, ಬಾಂಬ್ ಇದೆ! ಏಳಿ!"

"ಗೊತ್ತೈತಿ. ಮನಿ ಬಿಡ್ರಿ ಅನ್ನೂ ಮೈಕಿನ ದನಿ ಯಾವ ಭಾಷಾದಾಗಿದ್ರೂ ಒಂದ ಇರತೈತಿ. ತಗೊ, ಕೂಸಿನ್ನ ಕರಕೊಂಡ ನೀ ನಡಿ. ನಾ ಈಕಿನ್ನ ಕರಕೊಂಡ ಬರ್ತೀನಿ."

ಹೇಗೆಲೆ ಮೇಜಿನ ಅಂಚು ಹಿಡಿದು ಕೂತಿದ್ದರು. ಅವರು ಜರ್ಮನ್‌ನಲ್ಲಿ ಹೇಳಿದ್ದರ ಸಾರ ಇಷ್ಟು: ಮೊದಲು ಕಾಗದ ಕಳಿಸಿದರು, ಆಮೇಲೆ ವಕೀಲರನ್ನು ಕಳಿಸಿದರು, ಈಗ ಬಾಂಬ್ ಕಳಿಸಿದ್ದಾರೆ. ನಾನು ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ.

ಪೊಲೀಸಮ್ಮ ನನಗೆ ಹೇಳಿದಳು, ಇನ್ನು ಕಾಯಲಾಗದು, ಎತ್ತಿಕೊಂಡು ಹೋಗುತ್ತೇವೆ ಎಂದು. ಅದನ್ನೇ ಅತ್ತೆಗೆ ಹೇಳಿದೆ.

ಅತ್ತೆ ಎದ್ದು ನಿಂತರು. "ಎತ್ತಿಕೊಂಡ ಹೋದ್ರ ಆಕಿ ಬಂದಂಗಾಗೂದಿಲ್ಲ, ಸ್ಮಿತಾ. ಡ್ಯಾಮಿನ ನೀರು ಬರತೈತಿ ಅಂತ ನಮ್ಮ ಓಣಿ ಬಿಡಿಸಿದಾಗ ನಮ್ಮತ್ತಿ ಬಸವ್ವ ಹಿಂಗ ಕುಂತಿದ್ಲು. ಹೊರಸಿನ ಮ್ಯಾಲ ಹೊತ್ತಕೊಂಡ ಬಂದ್ರು. ಹೊಸ ಮನ್ಯಾಗ ಆಕಿ ಒಂದ ಮಾತೂ ಆಡಲಿಲ್ಲ. ಹಂಗ ಹೋದ್ಲು. ಎತ್ತಬ್ಯಾಡ್ರಿ ಅಂತ ಹೇಳು ಅವರಿಗೆ."

ನನ್ನ ಮದುವೆಯಾಗಿ ಆರು ವರ್ಷ. ಬಾಗಲಕೋಟೆ ಮುಳುಗಿದ್ದು ನನಗೆ ಪೇಪರಿನ ಸುದ್ದಿಯಾಗಿ ಗೊತ್ತಿತ್ತು. ನನ್ನ ಅತ್ತೆಯ ಸುದ್ದಿಯಾಗಿ ಅವತ್ತೇ ಗೊತ್ತಾದದ್ದು.

"ಆಕಿಗೆ ಹೇಳು," ಎಂದರು ಅತ್ತೆ. "ಬೀಗ ನೀನ ಹಾಕು. ಕೀಲಿ ಯಾರ ಕೈಗೂ ಕೊಡಬ್ಯಾಡ. ಸಂಜಿಕ ನಾ ನಿನ್ನ ತಿರುಗಿ ನಿನ್ನ ಮನಿಗೆ ಕರಕೊಂಡ ಬರ್ತೀನಿ ಅಂತ ಹೇಳು."

"ಅತ್ತೆ, ಅದು ಹೇಗೆ ಹೇಳೋದು? ನಮ್ಮ ಕೈಲಿದೆಯಾ?"

"ಹೇಳವಾ."

ಹೇಳಿದೆ. ನಾನು ನಿಮ್ಮನ್ನು ಸಂಜೆ ಕರೆತರುತ್ತೇನೆ ಎಂದು ಜರ್ಮನ್‌ನಲ್ಲಿ ಹೇಳಿದೆ. ಆ 'ನಾನು' ಬಂದದ್ದು ನನ್ನ ಬಾಯಿಂದ. ಹೇಗೆಲೆ ನನ್ನನ್ನು ನೋಡಲಿಲ್ಲ, ಅತ್ತೆಯನ್ನೇ ನೋಡಿದರು. ಎದ್ದರು. ಕೋಟು ಹಾಕಿಕೊಂಡರು. ಒಲೆ ಆರಿಸಿದರು. ಬೀಗವನ್ನು ಅವರೇ ಹಾಕಿದರು.

ಟ್ರಾಮ್ ಹಳಿಯ ಮೇಲೆ ನಡೆದೆವು. ನನ್ನ ಎದೆಗೆ ಪವಿ. ಅವಳು ಅಳಲಿಲ್ಲ, ಅಳದಿದ್ದದ್ದೇ ನನಗೆ ಭಯ. ಮುಂದೆ ಅತ್ತೆ, ಅವರ ತೋಳು ಹಿಡಿದು ಹೇಗೆಲೆ. ಇಬ್ಬರಿಗೂ ಮೊಣಕಾಲು ನೋವು. ಪೊಲೀಸಮ್ಮ ಬೇಗ ಬೇಗ ಎನ್ನುತ್ತಿದ್ದಳು, ಅವರು ತಮ್ಮದೇ ಹೆಜ್ಜೆಯಲ್ಲಿ ನಡೆದರು. ನಮ್ಮ ಬೆನ್ನ ಹಿಂದೆ ಆಸಿಡ್ ತನ್ನ ಕೆಲಸ ಮಾಡುತ್ತಿತ್ತು. ನಾನು ಓಡಿಬಿಡಬಹುದಿತ್ತು, ಮಗು ನನ್ನ ಕೈಯಲ್ಲಿತ್ತು. ಯಾಕೆ ಓಡಲಿಲ್ಲವೋ ಇವತ್ತಿಗೂ ತಿಳಿಯದು.

ಶಾಲೆಯೊಂದರ ಆಟದ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿದರು. ಬಾಂಬಿನ ತಜ್ಞರು ನೋಡಿ, ಇದನ್ನು ಬಿಚ್ಚಲಾಗದು, ಇದ್ದಲ್ಲೇ ಸಿಡಿಸಬೇಕು ಎಂದರಂತೆ. ಮಣ್ಣು ಮುಚ್ಚಿದರು, ಹುಲ್ಲಿನ ಹೊರೆ ಹೇರಿದರು. ಹೊತ್ತು ಮುಳುಗುವ ಮುಂಚೆ ನೆಲ ಒಮ್ಮೆ ಎದ್ದು ಕೂತಂತಾಯಿತು. ಹೇಗೆಲೆ ಎರಡೂ ಕಿವಿ ಮುಚ್ಚಿಕೊಂಡರು, ಚಿಕ್ಕ ಹುಡುಗಿಯ ಹಾಗೆ.

ಯಾರಿಗೂ ಗಾಯವಾಗಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕಿಟಕಿ ಗಾಜು ಒಡೆದವು. ಹಳೆಯ ಮನೆಯ ಒಂದು ಗೋಡೆ ಕುಸಿದಿತ್ತು. ಒಳಗೆ ಹೋಗುವಂತಿಲ್ಲ ಎಂದರು. ಇವತ್ತಲ್ಲ, ನಾಳೆಯೂ ಅಲ್ಲ.

ಹೇಗೆಲೆ ನಮ್ಮ ಕಡೆ ತಿರುಗಿದರು. "ನೀವು ಹೇಳಿದಿರಿ" ಎಂದರು. ಅಷ್ಟೇ. ಅತ್ತೆ ಭಾಷಾಂತರ ಕೇಳಲಿಲ್ಲ.

ನಗರಸಭೆಯವರು ಅವರಿಗೆ ನಮ್ಮದೇ ಕಟ್ಟಡದ ನೆಲಮಹಡಿಯಲ್ಲಿ ಮನೆ ಕೊಟ್ಟರು. ಯಾವ ಕಟ್ಟಡಗಳಿಗೆ ಬಾಗಿಲು ಮುಚ್ಚಿಕೊಂಡಿದ್ದರೋ ಅದರೊಳಗೇ ಬಂದು ಬಾಗಿಲು ಮುಚ್ಚಿಕೊಂಡರು. ಅತ್ತೆ ದಿನಾ ಬೆಳಿಗ್ಗೆ ಪವಿಯನ್ನು ಎತ್ತಿಕೊಂಡು ಹೋಗಿ ಬೆಲ್ ಒತ್ತುತ್ತಿದ್ದರು. ತೆರೆಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಬಾಗಿಲಿಗೇ ಕನ್ನಡದಲ್ಲಿ ಮಾತಾಡಿ ಬರುತ್ತಿದ್ದರು. "ಸುಳ್ಳ ಆತು ನನ್ನ ಮಾತು. ಬೈಯೂದಿದ್ರ ಹೊರಗ ಬಂದ ಬೈ, ಹ್ಯಾಂಗಲೇ!" ಹೌದು, ಹೆಸರು ಅವರ ಬಾಯಲ್ಲಿ ಹಾಗಾಗಿದೆ. ನಾನು ತಿದ್ದಲಿಲ್ಲ.

ಒಂದು ದಿನ ಬಾಗಿಲು ತೆರೆಯಿತು. ಬೈದರು ಕೂಡ. ಮೂರನೇ ಮಹಡಿಯವರೆಗೆ ಕೇಳಿಸಿತಂತೆ.

ಪವಿಗಾಗಿ ಇನ್ನಷ್ಟು ದಿನ ಇರಿ ಎಂದು ನಾನು ಅತ್ತೆಯನ್ನು ಬೇಡಿಕೊಂಡಿದ್ದೆ. ಆಗೂದಿಲ್ಲ ಎಂದಿದ್ದರು. ಕಳೆದ ತಿಂಗಳು ಅವರೇ ಟಿಕೆಟ್ ಮುಂದಕ್ಕೆ ಹಾಕಿಸು ಎಂದಾಗ ಎಷ್ಟು ಸಂತೋಷಪಟ್ಟೆ! ಆಮೇಲೆ ತಿಳಿಯಿತು, ರಿಪೇರಿಯಾಗದ ಮನೆಯನ್ನು ಹೇಗೆಲೆ ಕೊನೆಗೆ ಕಂಪನಿಗೆ ಬಿಟ್ಟುಕೊಟ್ಟಿದ್ದರು, ಕೆಡವುವ ದಿನ ಗೊತ್ತಾಗಿತ್ತು. "ಆಕಿ ಒಬ್ಬಾಕೀನ ನಿಂದರಬಾರದು" ಎಂದರು. ಬೇಜಾರಾಯಿತೇ ಎಂದರೆ, ಆಯಿತು. ವೇದಿಕೆಯ ಮೇಲೆ ಸುಳ್ಳು ಹೇಳಬಾರದು.

ಮೊನ್ನೆ ಬುಧವಾರ ಹೇಗೆಲೆ, ಅತ್ತೆ, ನಾನು ಮೂವರೂ ಟ್ರಾಮ್ ಸ್ಟಾಪಿನಲ್ಲಿ ನಿಂತಿದ್ದೆವು. ಯಂತ್ರ ಬಂತು. ಅತ್ತೆ ನನ್ನ ಕಿವಿಯಲ್ಲಿ, "ಬಾಗಿಲಾ ಕಿತ್ತ ಕೊಡ್ತಾರೇನು ಕೇಳು, ನಾವು ನಮ್ಮ ಮುಳುಗಡಿ ಮನಿದು ತಂದಿದ್ವಿ" ಎಂದರು. ಕೇಳಿದೆ. ಹೇಗೆಲೆ, "ಬಾಗಿಲು ತಗೊಂಡು ಎಲ್ಲಿಡಲಿ?" ಎಂದರು. ಗೋಡೆ ಬೀಳುವವರೆಗೂ ಇಬ್ಬರೂ ಕೈ ಹಿಡಿದು ನಿಂತಿದ್ದರು. ಆ ಹಳ್ಳದ ಮೇಲೆ ಮುಂದಿನ ವರ್ಷ ಐವತ್ತು ಮನೆ ಏಳುತ್ತವೆ. ನಮ್ಮಂಥವರೇ ಬರುತ್ತಾರೆ. ಬರಲಿ, ಬೇಡ ಎನ್ನಲು ನಾನ್ಯಾರು?

ವಾಪಸು ಬರುವಾಗ ಹೇಗೆಲೆ ಮೊದಲ ಬಾರಿ ನನ್ನನ್ನೇ ನೋಡಿ ಮಾತಾಡಿದರು. "ನಿಮ್ಮ ಅತ್ತೆ ಹೋದ ಮೇಲೆ ನಾನು ಯಾರ ಮೇಲೆ ಸಿಟ್ಟು ಮಾಡಲಿ?"

ಸಂಜೆ ಕರೆತರುತ್ತೇನೆ ಎಂಬ ಆ ಜರ್ಮನ್ ವಾಕ್ಯ ಆಡಿದ ಬಾಯಿ ನನ್ನದೇ ಅಲ್ಲವೇ? "ನನ್ನ ಮೇಲೆ ಮಾಡಿ," ಎಂದೆ. "ನಾಲ್ಕನೇ ಮಹಡಿ. ಬೆಲ್ ಒತ್ತಿ, ತೆಗೀತೀನಿ."

ಅತ್ತೆ, "ಏನಂದ್ಲು?" ಎಂದು ಕೇಳಿದರು. ಹೇಳಲಿಲ್ಲ. ಅದು ಅವತ್ತಿಗೆ ಹೇಗೆಲೆಯವರದೂ ನನ್ನದೂ ಮಾತು. ಇವತ್ತು ಕೇಳಿಸಿಕೊಂಡಿರಲ್ಲ, ಅತ್ತೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅಡುಗೆಮನೆಯವರು ನನ್ನನ್ನು ನೋಡುತ್ತಿದ್ದಾರೆ. ಹೇಳಬೇಕಾದದ್ದಕ್ಕಿಂತ ಹೆಚ್ಚೇ ಹೇಳಿದ್ದೇನೆ. ಕೇಳಿಸಿಕೊಂಡ ನಿಮಗೆಲ್ಲರಿಗೂ ಋಣಿ. ಅತ್ತೆ, ಹೋಗಿ ಬನ್ನಿ. ಎಲ್ಲರಿಗೂ ನಮಸ್ಕಾರ.