ಹಿತ್ತಲ ಮಡಕೆಯ ಬೂಷ್ಟು

ಅಧ್ಯಕ್ಷರಾದ ಅಮಲ್ದಾರರೇ, ಹೊಸದುರ್ಗಕ್ಕೆ ವರ್ಗವಾಗಿ ಹೊರಟಿರುವ ಬೇಸಾಯದ ಇನ್‌ಸ್ಪೆಕ್ಟರ್ ಹನುಮಂತಯ್ಯನವರೇ, ಹರಿಯಬ್ಬೆಯ ಸಭಿಕರೇ, ಬಾಗಿಲಾಚೆ ನಿಂತಿರುವ ತಾಯಂದಿರೇ,

ಭಾಷಣದ ಅಭ್ಯಾಸವಿಲ್ಲದ ಈ ಮುರುಗಪ್ಪನನ್ನು ಎಬ್ಬಿಸಿ ನಿಲ್ಲಿಸಿದ್ದೀರಿ. ಎತ್ತುಗಳಾದರೆ ನನ್ನ ಮಾತು ಕೇಳುತ್ತವೆ. ನೀವು ಕೇಳುತ್ತೀರೋ ಇಲ್ಲವೋ ನೋಡೋಣ.

ಎರಡು ವರ್ಷದ ಹಿಂದೆ ಹುಳು ಬಿದ್ದು ಊರ ಹತ್ತಿಯನ್ನೆಲ್ಲ ತಿನ್ನುತ್ತಿದ್ದಾಗ ಈ ಇನ್‌ಸ್ಪೆಕ್ಟರ್ ಸಾಹೇಬರು ನನ್ನ ಹೊಲಕ್ಕೆ ಬಂದರು. ಮೋಡ ಮುಸುಕಿದ ವಾರವದು. ಕೆಲವು ಹುಳುಗಳು ಎಲೆಗೆ ಕಚ್ಚಿಕೊಂಡೇ ಸತ್ತು, ಮೈಮೇಲೆ ಬಿಳಿ ಬೂಷ್ಟು ಬಂದಿತ್ತು. "ಈ ಬೂಷ್ಟೇ ಹುಳ ಕೊಂದದ್ದು. ಇವನ್ನ ಯಾರೂ ಮುಟ್ಟಬೇಡಿ. ಬೂಷ್ಟು ಬಲೀಲಿ, ಎಂಟು ದಿನಕ್ಕೆ ಬಂದು, ನೀರಲ್ಲಿ ಕದಡಿ ಎಲ್ಲರ ಹೊಲಕ್ಕೂ ಚಿಮುಕಿಸೋಣ" ಎಂದರು. ಉಪ್ಪಿನಕಾಯಿಗೆ ಬಂದರೆ ಬಿಸಾಡುವ ಬೂಷ್ಟು ಹೊಲ ಕಾಯುತ್ತದೆಂದರೆ ಯಾರು ನಂಬುತ್ತಾರೆ ಸ್ವಾಮಿ? ಆದರೂ ಒಪ್ಪಿದೆ. ಸತ್ತ ಹುಳು ಮುಟ್ಟಬಾರದೆಂದು ಮನೆಯಲ್ಲಿ ಹೇಳಲು ಮಾತ್ರ ಮರೆತೆ.

ಎಂಟನೆಯ ದಿನ ಸಾಹೇಬರು ಬರುತ್ತಾರೆಂದು ನಮ್ಮ ಮನೆಯವಳು ಅಂಗಳ ಸಾರಿಸಿದಳು. ಅಷ್ಟಕ್ಕೇ ಬಿಟ್ಟಳೇ? ಹೊಲವೂ ಒಪ್ಪವಾಗಿರಲೆಂದು ಸತ್ತ ಹುಳುಗಳನ್ನೆಲ್ಲ ಹಿಂದಿನ ದಿನವೇ ಆರಿಸಿಬಿಟ್ಟಿದ್ದಳು! ಅಷ್ಟರಲ್ಲಿ ಬಿಸಿಲು ಬಿದ್ದು ಹೊಸ ಬೂಷ್ಟು ಎಲ್ಲೂ ಇರಲಿಲ್ಲ. ಸಾಹೇಬರ ಮುಖ ಸಪ್ಪಗಾಯಿತು. ಅಷ್ಟು ಜನರ ಎದುರು ನಾನು, "ಲೇ, ಬುದ್ಧಿ ಎಲ್ಲಿಟ್ಟಿದ್ಯೆ? ಊರ ಹತ್ತಿನೆಲ್ಲ ಹಾಳು ಮಾಡಿದ್ಯಲ್ಲೇ" ಎಂದು ಕೂಗಾಡಿದೆ.

ಅವಳು ಅಳಲಿಲ್ಲ. "ಹಸಿ ಇದ್ವು, ಒಲೆಗೆ ಹಾಕ್ಲಿಲ್ಲ. ಹಿತ್ಲಾಗೆ ಹಳೇ ಮಡಕೆಯಾಗೆ ಮುಚ್ಚಿಟ್ಟೀನಿ, ನೋಡ್ರಿ" ಎಂದಳು.

ಮುಚ್ಚಳ ತೆಗೆದರೆ ಆ ತಂಪಿನಲ್ಲಿ ಒಳಗೆಲ್ಲ ಬೆಳ್ಳಗೆ ಬೂಷ್ಟು! "ನನಗೆ ಸೀಸೆಯಲ್ಲಿ ಬೆಳೆಸೋಕಾಗದ್ದನ್ನ ನೀವು ಮಡಕೆಯಲ್ಲಿ ಬೆಳೆಸಿದ್ದೀರಿ, ತಾಯಿ" ಎಂದು ಸಾಹೇಬರು ಕೈಮುಗಿದರು. ಅದನ್ನೇ ಕದಡಿ ಪೊರಕೆಯಿಂದ ಹೊಲಹೊಲಕ್ಕೆ ಚಿಮುಕಿಸಿದೆವು. ಎಲ್ಲ ಹುಳುವೂ ಸಾಯಲಿಲ್ಲ, ಸುಳ್ಳೇಕೆ ಹೇಳಲಿ? ಆದರೆ ಹತ್ತಿ ಉಳಿಯಿತು.

ಇವರು ಕೈಮುಗಿದರು. ನಾನೇನು ಮಾಡಿದೆ? ಎತ್ತಿಗೆ ನೀರು ಕುಡಿಸುವ ನೆಪದಲ್ಲಿ ಹೊರಟುಹೋದೆ. ಅಂದಿನಿಂದ ಆ ಮಡಕೆಗೆ ಹೊಸ ಹುಳು ಹಾಕುತ್ತ, ಬೂಷ್ಟು ಸಾಯದಂತೆ ಅವಳೇ ನೋಡಿಕೊಂಡಿದ್ದಾಳೆ. ನಾನೇನಾದರೂ ಕೇಳಿದರೆ, "ನಂಗೆಲ್ಲೈತೆ ಬುದ್ಧಿ, ನೀವೇ ನೋಡ್ಕಳ್ರಿ" ಅನ್ನುತ್ತಾಳೆ. ನಗುತ್ತಲೇ ಅನ್ನುತ್ತಾಳೆ. ನನಗೆ ನಗು ಬರುವುದಿಲ್ಲ.

ಎಲ್ಲಿದ್ದೆ? ಹಾಂ, ಬೀಳ್ಕೊಡುಗೆ. ಸ್ವಾಮಿ, ಹೊಸದುರ್ಗದ ಹತ್ತಿಗೆಂದು ಆ ಮಡಕೆಯನ್ನೇ ಕಾಣಿಕೆ ತಂದಿದ್ದೇವೆ. ಒದ್ದೆ ಬಟ್ಟೆ ಸುತ್ತಿದೆ, ದಾರಿಯಲ್ಲಿ ಒಣಗಲು ಬಿಡಬೇಡಿ. ಯಾರು ಕೊಟ್ಟರೆಂದು ಅಲ್ಲಿ ಕೇಳಿದರೆ ನನ್ನ ಹೆಸರು ಹೇಳಬೇಡಿ. ನಾಲ್ಕು ಜನರ ಎದುರು ಹೆಂಡತಿಯ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಆದರೆ ಬೈಯುವಾಗ ನಾಲ್ಕು ಜನ ಇದ್ದರಲ್ಲ, ಇದಕ್ಕೂ ಇರಲಿ. ಕೊಟ್ಟವಳು ಪಾರ್ವತಮ್ಮ.

ಪಾರ್ವತಿ, ನಿನಗೆ ಮೊದಲೇ ಹೇಳದೆ ಹೋದವನು ನಾನು. ತಪ್ಪು ನಂದು ಕಣೆ.

ಇಷ್ಟು ಹೊತ್ತು ಕೇಳಿದಿರಿ, ದೊಡ್ಡ ಉಪಕಾರವಾಯಿತು. ಒಳಗೆ ಕುಳಿತವರಿಗೂ ಬಾಗಿಲಾಚೆ ನಿಂತವಳಿಗೂ ನಮಸ್ಕಾರ.