ಆ ತೊರೆಯಲ್ಲಿ ಯಾರೂ ಮೀನು ಹಿಡಿಯುವುದಿಲ್ಲ

ಉಧ್ನಾ ಹತ್ತಿರದ ಸಚಿನ್ ಎಂಬ ಊರಿನ ಆಚೆಯ ತೊರೆಯಲ್ಲಿ ಮೀನು ಹಿಡಿದು ಉಣ್ಣುವ ಆದಿವಾಸಿ ಹೆಂಗಸರನ್ನು ದೇಶದ ಮೀನುಗಾರಿಕೆ ಸಮೀಕ್ಷೆಯಿಂದ ಕೈಬಿಟ್ಟರು.

೨೦೦೩ರಲ್ಲಿ ಇದು ಉಡುಪಿ ಹೋಟೆಲಿನ ಅಡುಗೆಯ ತಿಮ್ಮಪ್ಪನ ಕಿವಿಗೆ ಬಿದ್ದದ್ದು ಉಧ್ನಾ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿ. ಮುಂದೆ ನಿಂತಿದ್ದ ಸಮೀಕ್ಷೆಯ ಅಧಿಕಾರಿಯೂ ಅವನ ಕೈಕೆಳಗಿನ ಮಂದಾಕಿನಿಯೂ ಇಲ್ಲಿ ಯಾರಿಗೆ ಕನ್ನಡ ಬರುತ್ತದೆಂಬ ಧೈರ್ಯದಲ್ಲಿ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ತಿಮ್ಮಪ್ಪ ಕಿವಿಗೊಟ್ಟು ಒಂದು ಹೆಜ್ಜೆ ಹತ್ತಿರ ಸರಿದ.

"ಗಾಳ ಹಾಕೋ ಕ್ಲಬ್ಬಿನವರನ್ನ ಸೇರಿಸಿದೀವಲ್ಲ, ಸಾಕು."

"ಅವರು ಹಿಡಿದ ಮೀನಿನ ಜೊತೆ ಫೋಟೊ ತೆಗೆಸ್ಕೊಂಡು ನೀರಿಗೇ ಬಿಡ್ತಾರೆ ಸರ್. ಈ ಹೆಂಗಸರ ಮನೇಲಿ ಅದೇ ಸಾರು."

"ದೋಣಿ ಇಲ್ಲ, ಬಲೆ ಇಲ್ಲ. ಹಳೇ ಸೀರೆ ಎಳೆಯೋದೂ ಮೀನುಗಾರಿಕೇನಾ?"

"ಇಬ್ಬರು ಎಳೆದ್ರೆ ಅದೇ ಬಲೆ. ಮೊದಲು ಸಿಕ್ಕಿದ ಮೀನು ಬಾಣಂತಿ ಮನೆಗೆ ಹೋಗುತ್ತೆ."

"ಅವರನ್ನ ಲೆಕ್ಕಕ್ಕೆ ತಗೊಂಡ್ರೆ ಕಾರ್ಖಾನೆ ಹೊಲಸು ನೀರಿನ ಪೈಪ್ ಅಲ್ಲಿಗೆ ಬರೋ ಹಾಗಿಲ್ಲ. ಮೇಲಿನವರಿಗೆ ಏನು ಹೇಳಲಿ?"

"ಪೈಪ್ ಬಂದ್ರೆ ಅವರು ಏನು ತಿನ್ನಬೇಕು?"

"ರೇಷನ್ ಅಂಗಡಿ ಇದೆಯಲ್ಲ."

"ನೆನ್ನೆ ಅವರ ಮನೇಲಿ ಎರಡು ಸಲ ಸಾರು ಹಾಕಿಸ್ಕೊಂಡ್ರಿ ಸರ್."

"ರುಚಿಯಾಗಿತ್ತು, ಹಾಕಿಸ್ಕೊಂಡೆ. ನಾಳೆ ಅಹಮದಾಬಾದ್ ಸಭೇಲಿ ನೀನೇ ಎದ್ದು ಹೇಳು, ಅಲ್ಲಿ ಯಾರೂ ಮೀನು ಹಿಡಿಯಲ್ಲ ಅಂತ. ನೋಡಿ ಬಂದವಳ ಮಾತು ನಂಬ್ತಾರೆ."

"ನೋಡಿದ್ದನ್ನೇ ಹೇಳ್ತೀನಿ."

ಸಾಲು ಕಿಟಕಿಗೆ ಬಂದಿತ್ತು. ಅಧಿಕಾರಿ ಅಹಮದಾಬಾದಿಗೆ ಒಂದೇ ಟಿಕೆಟ್ ಕೇಳಿದ.

"ನೀನು ಬರೋದು ಬೇಡ. ಇಲ್ಲೇ ಇರು."

"ಇರಲ್ಲ ಸರ್," ಎಂದ ಮಂದಾಕಿನಿ ಅವನನ್ನು ಪಕ್ಕಕ್ಕೆ ಸರಿಸಿ, ತನ್ನ ಟಿಕೆಟ್ಟಿಗೆ ತಾನೇ ಕಿಟಕಿಯೊಳಗೆ ಕೈ ಚಾಚಿದಳು.